ಕೇರ್ ಹೋಮಿನ ನೋಟ್ಸ್ ಮತ್ತು ಒಂದೇ ಥರ ಕಾಣುವ ಪದಗಳು

ತಂಗಿ, ವಿರಾಜಪೇಟೆಯಲ್ಲಿ ಮೊದಲಿನಿಂದ ಇಂಗ್ಲಿಷ್ ಮೀಡಿಯಮ್ಮಿನಲ್ಲೇ ಓದಿದ್ದರೂ ಇಲ್ಲಿ ಇಂಗ್ಲೆಂಡಿನ ಕೇರ್ ಹೋಮಿನಲ್ಲಿ (ವಯಸ್ಸಾದವರನ್ನು, ಕಾಯಿಲೆಯವರನ್ನು ನೋಡಿಕೊಳ್ಳುವ ಮನೆಯಲ್ಲಿ) ಅವರ ಬಗ್ಗೆ ನೋಟ್ಸ್ ಬರೆಯುವಾಗ ಒಂದೇ ಥರದ ಪದಗಳು ಕಲಸಿಹೋಗುತ್ತವೆ, ಏನು ಮಾಡಲಿ ಅಂತ ಕೇಳಿದ್ದೀಯ. ಸ್ಪೆಲ್ ಚೆಕ್ ಮೇಲೆ ಭಾರ ಹಾಕಬೇಡ. ಎರಡೂ ಸರಿಯಾದ ಪದಗಳೇ ಆದಾಗ ಅದು ಎಷ್ಟೋ ಸಲ ಸುಮ್ಮನಿದ್ದುಬಿಡುತ್ತದೆ.

ಮೊದಲು ಜೀವಕ್ಕೆ ಅಪಾಯ ತರುವಂಥವು. ಡಿಸ್‌ಫೇಜಿಯಾ ಅಂದರೆ ನುಂಗುವ ತೊಂದರೆ, ಡಿಸ್‌ಫೇಸಿಯಾ ಅಂದರೆ ಮಾತಿನ ತೊಂದರೆ. ಬರೆಯುವಾಗ ಒಂದೇ ಅಕ್ಷರ ಬೇರೆ: ‘ಜಿ’ ಇದ್ದರೆ ಗಂಟಲು, ‘ಎಸ್’ ಇದ್ದರೆ ಸ್ಪೀಚ್. ಸ್ಟ್ರೋಕ್ ಆದವರಿಗೆ ಎರಡೂ ಇರಬಹುದು, ಅದಕ್ಕೇ ಗೊಂದಲ ಜಾಸ್ತಿ. ನುಂಗಲು ಕಷ್ಟವಿರುವ ಕೆಲವರಿಗೆ ನೀರು, ಟೀಗೆ ಮಂದ ಮಾಡುವ ಥಿಕನರ್ ಪುಡಿ ಬೆರೆಸಿ ಕೊಡುತ್ತಾರೆ. ಕುಡಿಯುವುದರ ಮಂದವನ್ನು 0ಯಿಂದ 4ರವರೆಗೆ ಲೆವೆಲ್ ಹಾಕಿ ಗುರುತಿಸುತ್ತಾರೆ. 0 ಅಂದರೆ ಬರೀ ನೀರಿನ ಹದ. ನೀನು ‘ಜಿ’ ಬದಲು ‘ಎಸ್’ ಬರೆದರೆ ಮುಂದಿನ ಶಿಫ್ಟಿನವರು ತೆಳು ಟೀ ಕೊಟ್ಟುಬಿಡಬಹುದು. ಅದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಆದ್ದರಿಂದ ಪಕ್ಕದಲ್ಲೇ ‘ಸ್ವಾಲೋಯಿಂಗ್ ಡಿಫಿಕಲ್ಟಿ’ ಅಂತ ಬಿಡಿಸಿ ಬರೆ, ಲೆವೆಲ್ ಸಂಖ್ಯೆಯನ್ನೂ ಸೇರಿಸು.

ಹೈಪೋ, ಹೈಪರ್ ಕೂಡ ಹಾಗೆಯೇ. ಹೈಪೋ ಅಂದರೆ ಕಡಿಮೆ, ಹೈಪರ್ ಅಂದರೆ ಜಾಸ್ತಿ. ಹೈಪೋ ‘ಓ’ದಲ್ಲಿ ಮುಗಿಯುತ್ತದೆ, ಲೋ ಅಂತ ನೆನಪಿಟ್ಟುಕೋ. ಇಲ್ಲಿ ರಕ್ತದ ಶುಗರನ್ನು ಮಿಲಿಮೋಲ್ ಅನ್ನುವ ಅಳತೆಯಲ್ಲಿ ಹೇಳುತ್ತಾರೆ. ಡಯಾಬಿಟಿಸ್ ಔಷಧಿ ತೆಗೆದುಕೊಳ್ಳುವವರಲ್ಲಿ 4ಕ್ಕಿಂತ ಕಡಿಮೆಯಾದರೆ ಹೈಪೋ. ಊರಿನ ಮಿಲಿಗ್ರಾಮ್ ಲೆಕ್ಕದಲ್ಲಿ ಆ 4 ಅಂದರೆ 72. ಇನ್ನು ಮೈಕ್ರೋಗ್ರಾಮ್ ಅನ್ನುವುದನ್ನು ಯಾವತ್ತೂ ಮೊಟಕು ಮಾಡಬೇಡ. ಯಾರಾದರೂ ಅದನ್ನು ಮಿಲಿಗ್ರಾಮ್ ಅಂತ ಓದಿದರೆ ಡೋಸ್ 1000 ಪಟ್ಟಾಗುತ್ತದೆ.

ಉಳಿದ ಗೊಂದಲಗಳಲ್ಲಿ ಕೆಲವು ನಮ್ಮ ನಾಲಗೆಯಿಂದಲೇ ಬರುತ್ತವೆ. ಕನ್ನಡದಲ್ಲಿ ‘ಜ಼’ ಇಲ್ಲ. ಹಾಗಾಗಿ ‘ಕಳೆದುಕೋ’ ಅನ್ನುವ ಲೂಜ಼್, ‘ಸಡಿಲ’ ಅನ್ನುವ ಲೂಸ್ ಎರಡೂ ನಮ್ಮ ಬಾಯಲ್ಲಿ ಒಂದೇ. ಗಟ್ಟಿಯಾಗಿ ಓದಿ ನೋಡಿದರೂ ತಪ್ಪು ಸಿಗುವುದಿಲ್ಲ, ಕಣ್ಣಿನಿಂದಲೇ ಹಿಡಿಯಬೇಕು. ಬಾಡಿಗೆ ಮನೆಯ ಡೆಪಾಸಿಟ್ ಕಳೆದುಕೊಳ್ಳುವ ಭಯವನ್ನು ಏಜೆಂಟಿಗೆ ಬರೆಯುವಾಗ ಒಂದೇ ‘ಓ’. (ಅಂದ ಹಾಗೆ, ಇಲ್ಲಿನ ಸಾಮಾನ್ಯ ಬಾಡಿಗೆ ಕರಾರಿನಲ್ಲಿ ಆ ದುಡ್ಡನ್ನು 30 ದಿನದೊಳಗೆ ಸರ್ಕಾರ ಒಪ್ಪಿದ ಸ್ಕೀಮಿನಲ್ಲಿ ಭದ್ರ ಮಾಡಿರಬೇಕು. ಅದರ ಕಾಗದ ಕೇಳಿ ತೆಗೆದುಕೋ.)

ಅಡ್ವೈಸ್, ಪ್ರಾಕ್ಟೀಸ್, ಲೈಸೆನ್ಸ್ ಮೂರಕ್ಕೂ ಬ್ರಿಟಿಷ್ ನಿಯಮ ಒಂದೇ: ಕೊನೆಯ ‘ಇ’ಗೆ ಮೊದಲು, ನಾಮಪದವಾದರೆ ‘ಸಿ’, ಕ್ರಿಯಾಪದವಾದರೆ ‘ಎಸ್’. ಡ್ರೈವಿಂಗ್ ಲೈಸೆನ್ಸ್‌ಗೆ ‘ಸಿ’, ಡಾಕ್ಟರ ಕ್ಲಿನಿಕ್ಕಿನ ಬೋರ್ಡಿನಲ್ಲಿರುವ ಪ್ರಾಕ್ಟೀಸ್‌ಗೂ ‘ಸಿ’. ಕಂಪ್ಯೂಟರಿನ ಭಾಷೆ ಅಮೆರಿಕನ್ ಆಗಿದ್ದರೆ ಅದು ಲೈಸೆನ್ಸನ್ನು ‘ಎಸ್’ಗೆ ತಿರುಗಿಸಬಹುದು. ಸೆಟ್ಟಿಂಗ್ಸ್‌ನಲ್ಲಿ ಇಂಗ್ಲಿಷ್, ಯುನೈಟೆಡ್ ಕಿಂಗ್ಡಮ್ ಅಂತ ಆರಿಸು.

ಕೌನ್ಸಿಲರ್‌ಗಳಲ್ಲೂ ಎರಡು ಜಾತಿ. ನಡುವೆ ‘ಸಿ’ ಇರುವವರು ನಮ್ಮ ಮಡಿಕೇರಿ ನಗರಸಭೆ ಸದಸ್ಯರಿದ್ದಂತೆ. ‘ಎಸ್’ ಇರುವವರು ಮನಸ್ಸಿನ ಕಷ್ಟ ಕೇಳಿಸಿಕೊಳ್ಳುವವರು. ಹೋಂಸ್ಟೇ ಬೋರ್ಡುಗಳಲ್ಲಿ ಪುಕ್ಕಟೆ ತಿಂಡಿಗೆ ಕಾಂಪ್ಲಿಮೆಂಟರಿ ಅಂತಿರುತ್ತದಲ್ಲ, ಅದರಲ್ಲಿ ‘ಎಲ್’ ಆದ ಮೇಲೆ ‘ಐ’. ಅಲ್ಲಿ ‘ಇ’ ಬಂದರೆ ‘ಪೂರಕ’ ಅಂತ ಅರ್ಥ.

ಕಲಿಯುವಾಗ ಜೋಡಿ ಪಟ್ಟಿ ಮಾಡಿ ಬಾಯಿಪಾಠ ಮಾಡಬೇಡ, ಪಕ್ಕಪಕ್ಕ ಕಲಿತದ್ದೇ ಮತ್ತೆ ಕಲಸುತ್ತದೆ. ದಿನಾ ಬೇಕಾಗುವ ಒಂದನ್ನು ಮಾತ್ರ, ಇಡೀ ಸಾಲಿನ ಜೊತೆ ಪಾಕೆಟ್ ಬುಕ್ಕಿನಲ್ಲಿ ಬರೆದುಕೋ: ‘ನೋ ಸೈಡ್ ಇಫೆಕ್ಟ್ಸ್ ಸೀನ್’, ಇಲ್ಲಿ ‘ಪರಿಣಾಮ’ ಅನ್ನುವ ಇಫೆಕ್ಟ್‌ನ ಮೊದಲಕ್ಷರ ‘ಇ’. ಅದು ಕೈಗೆ ಕೂತ ಮೇಲೆ, ಒಂದೆರಡು ವಾರ ಬಿಟ್ಟು, ‘ಪರಿಣಾಮ ಬೀರು’ ಅನ್ನುವ, ‘ಎ’ಯಿಂದ ಶುರುವಾಗುವ ಅಫೆಕ್ಟ್ ಎತ್ತಿಕೋ. ಸಂಶಯ ಬಂದರೆ ಮುಂದಿನ ಶಿಫ್ಟಿಗೆ ಕೆಲಸ ಒಪ್ಪಿಸುವ ಹ್ಯಾಂಡೋವರ್‌ಗೆ ಮೊದಲೇ ಸೀನಿಯರ್ ನರ್ಸ್‌ಗೆ ಆ ಸಾಲು ತೋರಿಸು.