ತಿದ್ದುವಾಗಿನ ಮೈಮರೆವು: ಸಂಪಾದಕರ ಉತ್ತರ

ಮಾನ್ಯರೇ,

ಕವಿತೆ ಬರೆಯುವುದಕ್ಕಿಂತ ಬರೆದದ್ದನ್ನು ತಿದ್ದುವುದರಲ್ಲೇ ಮೈಮರೆಯುತ್ತಿದ್ದೇನೆ, ಊಟಕ್ಕೆ ಕರೆದದ್ದೂ ಕೇಳಿಸುವುದಿಲ್ಲ, ‘ಪದವಿಟ್ಟಳುಪದೊಂದಗ್ಗಳಿಕೆ’ ಎಂದ ಕುಮಾರವ್ಯಾಸನನ್ನು ನೆನೆದರೆ ನಾಚಿಕೆಯಾಗುತ್ತದೆ ಎಂದು ಸಕಲೇಶಪುರದಿಂದ ಬರೆದಿದ್ದೀರಿ. (ಊಟಕ್ಕೆ ಕರೆದವರ ಪರವಾಗಿ ಪತ್ರಿಕೆ ಏನನ್ನೂ ಹೇಳಲಾರದು.)

ನಾಚಿಕೆಗೆ ಕಾರಣ ಕಾಣುವುದಿಲ್ಲ. ಹಲಗೆ ಬಳಪ ಹಿಡಿಯದಿರುವುದನ್ನೂ ಇಟ್ಟ ಪದವನ್ನು ಅಳಿಸದಿರುವುದನ್ನೂ ಆತ ತನ್ನ ಹೆಚ್ಚುಗಾರಿಕೆಯೆಂದು ಹೇಳಿಕೊಂಡಿದ್ದಾನೆಂದರೆ, ಬರೆದು ಅಳಿಸಿ ಮತ್ತೆ ಬರೆಯುವುದು ಉಳಿದ ಕವಿಗಳ ವಾಡಿಕೆಯಾಗಿತ್ತೆಂದೇ ಅರ್ಥವಲ್ಲವೆ?

ನಿಮ್ಮ ನೆರೆಯ ಜಿಲ್ಲೆಯ ಕಡೂರು ತಾಲ್ಲೂಕಿನ ದೇವನೂರಿನವನೆಂದು ಪ್ರಸಿದ್ಧನಾದ ಲಕ್ಷ್ಮೀಶ ಆರಿಸಿಕೊಂಡ ವಾರ್ಧಕ ಷಟ್ಪದಿಯನ್ನೇ ನೋಡಿ. 1, 2, 4 ಮತ್ತು 5ನೆಯ ಸಾಲುಗಳಲ್ಲಿ ಐದೈದು ಮಾತ್ರೆಯ ನಾಲ್ಕು ಗಣಗಳು, 3 ಮತ್ತು 6ರಲ್ಲಿ ಅಂಥ ಆರು ಗಣಗಳ ಮೇಲೊಂದು ಗುರು, ಜೊತೆಗೆ ಆರೂ ಸಾಲುಗಳ ಎರಡನೆಯ ಅಕ್ಷರದಲ್ಲಿ ಪ್ರಾಸ. ಅಲ್ಲಿ ಮೊದಲ ಪದವೊಂದನ್ನು ಬದಲಿಸಹೊರಟರೆ ಉಳಿದ ಐದು ಸಾಲುಗಳ ಆರಂಭವನ್ನೂ ಬದಲಿಸಬೇಕಾಗಿ ಬರಬಹುದಾದ್ದರಿಂದ, ತಿದ್ದುವವನು ಇಡೀ ಪದ್ಯವನ್ನು ಮನಸ್ಸಿನಲ್ಲಿಟ್ಟುಕೊಂಡೇ ಕೈ ಹಾಕಬೇಕು. ನಾವು ಬರೆಯುವ ಮುಕ್ತಛಂದದಲ್ಲಿ ಆ ಕಾವಲಿಲ್ಲ. ಯಾವ ಪದವನ್ನು ತೆಗೆದು ಯಾವುದನ್ನಿಟ್ಟರೂ ತಡೆಯುವವರಿಲ್ಲದ ಕಾರಣ ಎಲ್ಲಿ ನಿಲ್ಲಬೇಕೆಂಬುದೂ ಹೊಳೆಯುವುದಿಲ್ಲ. ನಿಮ್ಮ ಮೈಮರೆವಿನ ಒಂದು ಪಾಲು ಇಲ್ಲಿಂದಲೇ ಬಂದದ್ದೆಂದು ನನ್ನ ಎಣಿಕೆ.

ನೀವು ಕಳಿಸಿದ ಎರಡು ಕರಡುಗಳಲ್ಲಿ ಎರಡು ಬಗೆಯ ತನ್ಮಯತೆ ಕಾಣುತ್ತದೆ. ಮೊದಲನೆಯದರಲ್ಲಿ ‘ಮಳೆ ನಿಂತರೂ ಸಿಲ್ವರ್ ಮರ ತೊಟ್ಟಿಕ್ಕುತ್ತಿದೆ’ ಎಂದಿದ್ದ ಸಾಲು ಎರಡನೆಯದರಲ್ಲಿ ‘ವೃಷ್ಟಿ ವಿರಮಿಸಿದ ವೃಕ್ಷದ ವಿಷಾದಬಿಂದು’ ಆಗಿದೆ. ಕಿವಿಗೆ ವಕಾರಗಳ ಸೊಗಸೇನೋ ಸಿಕ್ಕಿತು, ಆದರೆ ಕಾಫಿ ತೋಟದ ಆ ಮರ ಕಣ್ಮರೆಯಾಯಿತು, ಓದುಗನೇ ಕಂಡುಕೊಳ್ಳಬೇಕಾಗಿದ್ದ ವಿಷಾದವನ್ನು ನೀವೇ ಹೇಳಿಬಿಟ್ಟಿರಿ. ಈ ಸಾಲನ್ನು ತಿದ್ದುವಾಗ ನೀವು ಮರವನ್ನು ನೋಡುತ್ತಿರಲಿಲ್ಲ, ನಿಮ್ಮ ದನಿಯನ್ನೇ ಕೇಳಿಸಿಕೊಳ್ಳುತ್ತಿದ್ದಿರಿ. ಅದೇ ಕರಡಿನಲ್ಲಿ ಕೊನೆಯ ನಾಲ್ಕು ಸಾಲುಗಳನ್ನು ತೆಗೆದಿರುವುದು ಮಾತ್ರ ಬಲು ಒಳ್ಳೆಯ ಕೆಲಸ: ಅಪ್ಪನ ಕಂಬಳಿ ಒಣಗಿಕೊಂಡೇ ಮೊಳೆಗೆ ತೂಗುತ್ತಿದೆ ಎಂದ ಮೇಲೆ, ಅವರಿಲ್ಲವೆಂದು ಮತ್ತೆ ಹೇಳುವ ಅಗತ್ಯವಿರಲಿಲ್ಲ. ಇಂಥದೊಂದು ಕಡಿತಕ್ಕಾಗಿ ಎಷ್ಟು ರಾತ್ರಿ ಕಳೆದರೂ ಅದು ವ್ಯರ್ಥವಲ್ಲ.

ಹಳೆಯ ಕರಡುಗಳನ್ನು ಹರಿಯದೆ ಇಟ್ಟುಕೊಳ್ಳಿ. ಸಿಲ್ವರ್ ಮರದ ಸಾಲನ್ನು ಮೊದಲಿದ್ದಂತೆಯೇ ಉಳಿಸಿ, ಕಂಬಳಿಯ ಸಾಲಿಗೇ ಮುಗಿಸಿ ಕಳಿಸುವುದಾದರೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.

— ಸಂಪಾದಕ