ಪ್ಲಗ್ ಎಷ್ಟು ಬಿಗಿಯಬೇಕು?

ಪ್ರಶ್ನೆ: ಪೆಟ್ರೋಲ್ ಕಾರಿನ ಸ್ಪಾರ್ಕ್ ಪ್ಲಗ್‌ಗಳನ್ನು ಮನೆಯಲ್ಲೇ ಬದಲಿಸಬೇಕೆಂದಿದ್ದೇನೆ. ಟಾರ್ಕ್ ರೆಂಚ್ (ಬಿಗಿಯುವ ಬಲ ಅಳೆಯುವ ಪಾನಾ) ಇಲ್ಲ. ಎಷ್ಟು ಬಿಗಿದರೆ ಸರಿ?
– ಓದುಗರು, ಚಿಂತಾಮಣಿ

ಉತ್ತರ: ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಕೆಲಸ ಶುರುಮಾಡಿ. ಬಿಸಿ ಅಲ್ಯೂಮಿನಿಯಂ ಹೆಡ್ಡಿನಿಂದ (ಸಿಲಿಂಡರಿನ ಮೇಲ್ಮುಚ್ಚಳದಿಂದ) ಪ್ಲಗ್ ಬಿಚ್ಚಿದರೆ ತ್ರೆಡ್ (ತಿರುಪಿನ ಎಳೆ) ಕಿತ್ತುಕೊಂಡು ಬರಬಹುದು. 10 ಎಂಎಂ ಬೋಲ್ಟ್ ತೆಗೆದು ಪ್ಲಗ್ಗಿನ ಮೇಲೆ ಕೂತ ಕಾಯಿಲನ್ನು (ಕಿಡಿಗೆ ವಿದ್ಯುತ್ ಕೊಡುವ ಭಾಗ) ಮೇಲಕ್ಕೆ ಎಳೆಯಿರಿ. ವೈರ್ ಹಿಡಿದು ಎಳೆಯಬೇಡಿ. ನಿಮ್ಮ ಕಡೆ ಕಲ್ಲು ಕ್ವಾರಿಗಳ ಧೂಳು ಹೆಚ್ಚು, ಅದು ಪ್ಲಗ್ಗಿನ ಗುಂಡಿಯಲ್ಲಿ ಕೂತಿರುತ್ತದೆ. ಬಿಚ್ಚುವ ಮೊದಲೇ ಗಾಳಿ ಹೊಡೆಸಿ. ಆ ಪುಡಿ ಸಿಲಿಂಡರಿಗೆ ಬಿದ್ದರೆ ಒಳಗೋಡೆಗೆ ಗೀರು ಬೀಳುತ್ತದೆ.

ಹೊಸ ಪ್ಲಗ್ ಕೂರಿಸುವಾಗ ರಾಚೆಟ್ ಹಿಡಿ ಮುಟ್ಟಬೇಡಿ. ಸಾಕೆಟ್ಟನ್ನು ಉದ್ದದ ಎಕ್ಸ್‌ಟೆನ್ಷನ್‌ಗೆ ಸಿಕ್ಕಿಸಿ (ಈಗಿನ ಕಾರುಗಳಲ್ಲಿ ಹೆಚ್ಚಾಗಿ 16 ಎಂಎಂ, ಕೆಲವಕ್ಕೆ 14), ಬೆರಳಲ್ಲೇ ತಿರುಗಿಸಿ. ಮೊದಲು ಸ್ವಲ್ಪ ಹಿಂದಕ್ಕೆ ತಿರುಗಿಸಿದರೆ ಎಳೆ ಕೂಡುವ ಜಾಗದಲ್ಲಿ ಪ್ಲಗ್ ಸಣ್ಣಗೆ ಕೆಳಗಿಳಿಯುವುದು ಕೈಗೆ ಗೊತ್ತಾಗುತ್ತದೆ, ಅಲ್ಲಿಂದ ಮುಂದಕ್ಕೆ ತಿರುಗಿಸಿ. ವಾಷರ್ ಹೆಡ್ಡಿಗೆ ತಗಲುವವರೆಗೂ ಬೆರಳ ಬಲದಲ್ಲೇ ಹೋಗಬೇಕು. ನಡುವೆ ಗಟ್ಟಿಯಾಯಿತೆಂದರೆ ಓರೆಯಾಗಿದೆ ಎಂದೇ ಅರ್ಥ. ಬಲ ಹಾಕದೆ ಬಿಚ್ಚಿ ಮತ್ತೆ ಹಚ್ಚಿ. ಪ್ಲಗ್ ಕೆಟ್ಟರೆ ಕೆಲವು ನೂರು ರೂಪಾಯಿ, ಹೆಡ್ಡಿನ ತ್ರೆಡ್ ಕೆಟ್ಟರೆ ಹೆಲಿಕಾಯಿಲ್ (ಹೊಸ ಎಳೆಯಾಗಿ ಕೂರಿಸುವ ಲೋಹದ ಸುರುಳಿ) ಹಾಕಿಸುವ ದೊಡ್ಡ ಕೆಲಸ.

ವಾಷರ್ ತಗಲಿದ ಮೇಲೆ ಹಿಡಿ ಹಾಕಿ. 14 ಎಂಎಂ ತ್ರೆಡ್ಡಿನ ಹೊಸ ಪ್ಲಗ್ಗಿಗೆ ಅರ್ಧದಿಂದ ಮೂರನೇ ಎರಡು ಸುತ್ತು. ಅದರಲ್ಲಿ ವಾಷರ್ ಚಪ್ಪಟೆಯಾಗಿ ಕೂರುತ್ತದೆ. ಹಳೆಯ ಪ್ಲಗ್ಗನ್ನೇ ಮತ್ತೆ ಹಾಕುವುದಾದರೆ ವಾಷರ್ ಆಗಲೇ ಚಪ್ಪಟೆ, ಗಡಿಯಾರದ ಗಂಟೆ ಮುಳ್ಳು ಒಂದು ಗಂಟೆಯಲ್ಲಿ ಸರಿಯುವಷ್ಟೇ, ಅಂದರೆ ಹನ್ನೆರಡನೇ ಒಂದು ಸುತ್ತು ಸಾಕು. ವಾಷರ್ ಇಲ್ಲದ, ಕೂರುವ ಭಾಗ ಇಳಿಜಾರಾಗಿರುವ ಕೋನ್ ಸೀಟಿನ ಪ್ಲಗ್ಗಿಗೆ ಹದಿನಾರನೇ ಒಂದು ಸುತ್ತು. 10, 12 ಎಂಎಂ ಪ್ಲಗ್ಗಿಗೆ ಡಬ್ಬಿಯ ಮೇಲಿನ ಸೂಚನೆ ನೋಡಿ.

ಪ್ರಶ್ನೆ: ಟಾರ್ಕ್ ರೆಂಚ್ ಕೊಂಡಿದ್ದೇನೆ. ಎಷ್ಟಕ್ಕೆ ಇಡಬೇಕು? ತ್ರೆಡ್ಡಿಗೆ ಗ್ರೀಸ್ ಹಚ್ಚಲೇ?
– ಓದುಗರು, ಶಿರಾ

ಉತ್ತರ: ವಾಷರ್ ಇರುವ ಪ್ಲಗ್ಗಿಗೆ, ಅಲ್ಯೂಮಿನಿಯಂ ಹೆಡ್ಡಿನಲ್ಲಿ, 14 ಎಂಎಂ ತ್ರೆಡ್ಡಿಗೆ 25ರಿಂದ 30 ನ್ಯೂಟನ್ ಮೀಟರ್, 12 ಎಂಎಂಗೆ 15ರಿಂದ 20, 10 ಎಂಎಂಗೆ 10ರಿಂದ 12. ನಿಮ್ಮ ಕಾರಿನ ಮ್ಯಾನ್ಯುಯಲ್ ಬೇರೆ ಹೇಳಿದರೆ ಅದನ್ನೇ ಪಾಲಿಸಿ. ರೆಂಚಿನ ಮೇಲೆ ಕೆಜಿ ಮೀಟರ್ ಗುರುತಿದ್ದರೆ ಎಚ್ಚರ: 2.5 ಎಂದರೆ ಸುಮಾರು 25 ನ್ಯೂಟನ್ ಮೀಟರ್.

ಗ್ರೀಸ್, ಆಂಟಿಸೀಜ್ (ತ್ರೆಡ್ ಕಚ್ಚಿಕೊಳ್ಳದಂತೆ ಹಚ್ಚುವ ಲೇಪ) ಏನೂ ಬೇಡ. ಈಗಿನ ಪ್ಲಗ್ಗುಗಳಿಗೆ ತುಕ್ಕು ತಡೆಯುವ ಲೇಪನವಿದೆ. ಮೇಲೆ ಜಿಡ್ಡು ಹಚ್ಚಿದರೆ ಘರ್ಷಣೆ ತಗ್ಗಿ, ರೆಂಚ್ ಕ್ಲಿಕ್ ಎನ್ನುವಷ್ಟರಲ್ಲಿ ಪ್ಲಗ್ ಬೇಕಾದದ್ದಕ್ಕಿಂತ ಹೆಚ್ಚು ಬಿಗಿದಿರುತ್ತದೆ; ಲೋಹದ ಕವಚ ಎಳೆದುಕೊಳ್ಳುತ್ತದೆ.

ಪ್ರಶ್ನೆ: ಸಡಿಲವಿದ್ದರೆ ಏನಾಗುತ್ತದೆ? ಸ್ವಲ್ಪ ಸಡಿಲವೇ ಒಳ್ಳೆಯದು ಎನ್ನುತ್ತಾರೆ.
– ಓದುಗರು, ಮಾಲೂರು

ಉತ್ತರ: ಖಂಡಿತ ಅಲ್ಲ. ಪ್ಲಗ್ಗಿನ ಬಿಸಿ ಬಹುಪಾಲು ತ್ರೆಡ್ ಮತ್ತು ವಾಷರ್ ಮೂಲಕವೇ ಹೆಡ್ಡಿಗೆ ಇಳಿಯಬೇಕು. ಸಡಿಲವಾದರೆ ಬಿಸಿ ಒಳಗೇ ಉಳಿದು ಪ್ಲಗ್ಗಿನ ತುದಿ ಕೆಂಡವಾಗುತ್ತದೆ, ಕಿಡಿ ಬೀಳುವ ಮೊದಲೇ ಪೆಟ್ರೋಲ್ ಹೊತ್ತಿಕೊಂಡು ಪಿಸ್ಟನ್ನಿಗೆ ಪೆಟ್ಟು. ಗ್ಯಾಸ್ ಹೊರಗೆ ಸೋರುತ್ತದೆ, ಪ್ಲಗ್ಗಿನ ಬುಡ ಕಪ್ಪಾಗುತ್ತದೆ. ಅಂಥ ಗುರುತು ಕಂಡರೆ ಎಂಜಿನ್ ತಣಿದ ಮೇಲೆ ಆ ಪ್ಲಗ್ ಬಿಚ್ಚಿ ನೋಡಿ. ತುದಿ ಕರಗಿದ್ದರೆ, ಪಿಂಗಾಣಿಯಲ್ಲಿ ಬಿರುಕಿದ್ದರೆ ಮತ್ತೆ ಹಾಕಬೇಡಿ.