ಮನೆಗೆ ಬೀಗ ಹಾಕಿ ಊರಿಗೆ ಹೋದರೂ ಇಂಗ್ಲೆಂಡಿನಲ್ಲಿ ಕರೆಂಟ್, ಗ್ಯಾಸ್ ಬಿಲ್ ಯಾಕೆ ಬರುತ್ತದೆ?

2025ರ ನವೆಂಬರ್ ಪೂರ್ತಿ ಊರಲ್ಲಿದ್ದಿರಿ. ಇಂಗ್ಲೆಂಡಿನ ಮನೆಯಲ್ಲಿ ಮೇನ್ ಸ್ವಿಚ್ ಆಫ್, ಗ್ಯಾಸ್ ಬಾಯ್ಲರ್ ಬಂದ್. ಆದರೂ 26 ಪೌಂಡ್ ಬಿಲ್ ಬಂದಿದೆ, ಇದು ಮೋಸ ಅಲ್ವಾ ಅಂತ ಕೇಳಿದ್ದೀರಿ.

ಮೋಸ ಅಲ್ಲ. ಅದು ಸ್ಟ್ಯಾಂಡಿಂಗ್ ಚಾರ್ಜ್. ನೀವು ಬಳಸಿ, ಬಿಡಿ, ಕನೆಕ್ಷನ್ ಇರುವಷ್ಟು ದಿನ ಅದು ಬೀಳುತ್ತಲೇ ಇರುತ್ತದೆ. ಕರೆಂಟಿಗೆ ಒಂದು, ಗ್ಯಾಸಿಗೆ ಇನ್ನೊಂದು. ಇಲ್ಲಿನ ನಿಯಂತ್ರಕ ಸಂಸ್ಥೆ ಆಫ್‌ಜೆಮ್ ಆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಾಕಿದ್ದ ಮಿತಿ, ಡೈರೆಕ್ಟ್ ಡೆಬಿಟ್‌ನವರಿಗೆ (ಬಿಲ್ ದುಡ್ಡು ಬ್ಯಾಂಕ್ ಖಾತೆಯಿಂದ ತಾನಾಗಿ ಹೋಗುವವರಿಗೆ) ಸರಾಸರಿ ಹೀಗಿತ್ತು: ಕರೆಂಟಿಗೆ ದಿನಕ್ಕೆ 53.68 ಪೆನ್ಸ್, ಗ್ಯಾಸಿಗೆ 34.03. ಎರಡೂ ಸೇರಿಸಿ 30 ದಿನಕ್ಕೆ ಗುಣಿಸಿ. 26 ಪೌಂಡ್ 31 ಪೆನ್ಸ್ ಆಗುತ್ತದೆ. ಶೇ 5 ವ್ಯಾಟ್ ಅದರಲ್ಲೇ ಬಂತು.

(ಅಂದ ಹಾಗೆ, ಚಳಿಗಾಲದಲ್ಲಿ ಬಾಯ್ಲರ್ ಪೂರ್ತಿ ಬಂದ್ ಮಾಡಿ ಹೋಗಬೇಡಿ. ನೀರು ಹೆಪ್ಪುಗಟ್ಟಿ ಪೈಪ್ ಒಡೆದರೆ ಈ 26 ಪೌಂಡ್ ಏನೂ ಅಲ್ಲ ಅನ್ನಿಸುತ್ತದೆ.)

ಯೂನಿಟ್ ರೇಟ್ ಬಳಸಿದ್ದಕ್ಕೆ ಮಾತ್ರ. ಅದೇ ಮೂರು ತಿಂಗಳಲ್ಲಿ ಕರೆಂಟ್ ಯೂನಿಟ್ಟಿಗೆ 26.35 ಪೆನ್ಸ್, ಗ್ಯಾಸಿಗೆ 6.29. ಗ್ಯಾಸ್ ಮೀಟರ್ ತೋರಿಸುವುದು ಯೂನಿಟ್ ಅಲ್ಲ, ಸಾಮಾನ್ಯವಾಗಿ ಘನ ಮೀಟರ್. ಒಂದು ಘನ ಮೀಟರ್ ಅಂದರೆ ಬಿಲ್ಲಿನಲ್ಲಿ ಸುಮಾರು 11 ಯೂನಿಟ್. ಮೀಟರಿನ ಅಂಕಿಯನ್ನು ನೇರವಾಗಿ 6.29ರಿಂದ ಗುಣಿಸಿದರೆ ಲೆಕ್ಕ ಕೂಡುವುದೇ ಇಲ್ಲ.

ನಮ್ಮ ಕಡೆಯ ಬಿಲ್ಲಿನಲ್ಲೂ ಫಿಕ್ಸೆಡ್ ಚಾರ್ಜ್ ಇದೆಯಲ್ಲ ಅಂತ ನೀವು ಹೇಳಬಹುದು. ಇದೆ, ಆದರೆ ಅದು ಸ್ಯಾಂಕ್ಷನ್ ಆದ ಲೋಡ್ ಮೇಲೆ, ಕಿಲೋವ್ಯಾಟಿಗೆ ಇಷ್ಟು ಅಂತ. 1 ಕಿಲೋವ್ಯಾಟಿನ ಮನೆಗಿಂತ 3 ಕಿಲೋವ್ಯಾಟಿನ ಮನೆಗೆ ಜಾಸ್ತಿ. ಇಲ್ಲಿ ಹಾಗಿಲ್ಲ. ಒಂದೇ ಪ್ರದೇಶ, ಒಂದೇ ಪ್ಲಾನ್ ಆದರೆ ಒಂಟಿ ರೂಮಿನ ವಿದ್ಯಾರ್ಥಿಗೂ ಐದು ಬೆಡ್‌ರೂಮಿನ ಮನೆಗೂ ಒಂದೇ ಚಾರ್ಜ್. ಪ್ರದೇಶ ಬದಲಾದರೆ ಬದಲಾಗುತ್ತದೆ. ಕರೆಂಟಿಗೆ ಲಂಡನ್ನಿನಲ್ಲಿ ಕಡಿಮೆ, ಉತ್ತರ ವೇಲ್ಸ್ ಮತ್ತು ಮರ್ಸಿಸೈಡ್ ಕಡೆ ಜಾಸ್ತಿ. ಕಡಿಮೆ ಬಳಸುವವರಿಗೆ ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಎಷ್ಟು ಉಳಿತಾಯ ಮಾಡಿದರೂ ಈ ಭಾಗ ಒಂದು ಪೆನ್ನಿಯೂ ಇಳಿಯುವುದಿಲ್ಲ.

ಹಿಂದೆ ಇಷ್ಟಿರಲಿಲ್ಲ. 2022ರ ಏಪ್ರಿಲ್‌ನಲ್ಲಿ ಕರೆಂಟಿನ ಸ್ಟ್ಯಾಂಡಿಂಗ್ ಚಾರ್ಜ್ ಸುಮಾರು 25 ಪೆನ್ಸ್‌ನಿಂದ 45ಕ್ಕೆ ಹಾರಿತು. ತಂತಿ, ಕಂಬ, ಸಬ್‌ಸ್ಟೇಷನ್‌ಗಳ ಖರ್ಚಿನಲ್ಲಿ ಹೆಚ್ಚಿನ ಪಾಲನ್ನು ಯೂನಿಟ್ ರೇಟಿನಿಂದ ತೆಗೆದು ದಿನದ ಚಾರ್ಜಿಗೆ ಹಾಕಿದರು. ಅದರ ಮೇಲೆ, 2021ರಲ್ಲಿ ಗ್ಯಾಸ್ ಬೆಲೆ ಏರಿ ಸಾಲುಸಾಲಾಗಿ ಕಂಪನಿಗಳು ಮುಚ್ಚಿದವು. ಅವುಗಳ ಗ್ರಾಹಕರನ್ನು ಬೇರೆ ಕಂಪನಿಗಳಿಗೆ ವಹಿಸಿದ ಖರ್ಚೂ ಇದರಲ್ಲೇ ಬಂದು ಸೇರಿತು.

ಈಗ ಸ್ಟ್ಯಾಂಡಿಂಗ್ ಚಾರ್ಜೇ ಇಲ್ಲದ ಪ್ಲಾನ್‌ಗಳ ಜಾಹೀರಾತು ಕಂಡರೆ ಸುಮ್ನೆ ಹಾರಿ ಬೀಳಬೇಡಿ. ಅಲ್ಲಿ ಯೂನಿಟ್ ರೇಟ್ ಜಾಸ್ತಿ ಇರುತ್ತದೆ. 10 ಪೆನ್ಸ್ ಜಾಸ್ತಿ ಅಂತ ಇಟ್ಟುಕೊಳ್ಳಿ. ಕರೆಂಟಿನ ಸ್ಟ್ಯಾಂಡಿಂಗ್ ಚಾರ್ಜ್ 53.68ನ್ನು 10ರಿಂದ ಭಾಗಿಸಿದರೆ ಐದೂವರೆಯ ಹತ್ತಿರ ಬರುತ್ತದೆ. ದಿನಕ್ಕೆ ಅದಕ್ಕಿಂತ ಜಾಸ್ತಿ ಯೂನಿಟ್ ಬಳಸುವವರಿಗೆ ನಷ್ಟ. 2025ರ ಆಫ್‌ಜೆಮ್ ಲೆಕ್ಕದಲ್ಲಿ ಸಾಮಾನ್ಯ ಮನೆ ವರ್ಷಕ್ಕೆ 2,700 ಯೂನಿಟ್ ಬಳಸುತ್ತಿತ್ತು, ಅಂದರೆ ದಿನಕ್ಕೆ ಏಳಕ್ಕಿಂತ ಜಾಸ್ತಿ. ವರ್ಷದಲ್ಲಿ ಎಷ್ಟೋ ತಿಂಗಳು ಮನೆ ಖಾಲಿ ಇದ್ದರೆ ಮಾತು ಬೇರೆ.

ಆಫ್‌ಜೆಮ್ ಮಿತಿ ಅಂದರೆ ಬಿಲ್ಲಿಗೇ ಮಿತಿ ಅಂತ ತುಂಬಾ ಜನ ತಿಳಿದುಕೊಂಡಿದ್ದಾರೆ. ಮಿತಿ ಇರುವುದು ಸ್ಟ್ಯಾಂಡಿಂಗ್ ಚಾರ್ಜ್, ಯೂನಿಟ್ ರೇಟ್ ಈ ಎರಡು ದರಗಳಿಗೆ. ಹೀಟರ್ ಜಾಸ್ತಿ ಹಾಕಿದರೆ ಬಿಲ್ ಏರುತ್ತದೆ.

ಪ್ರೀಪೇಮೆಂಟ್ ಮೀಟರ್ (ಮೊದಲೇ ದುಡ್ಡು ಹಾಕಿ ಬಳಸುವ ಮೀಟರ್) ಇದ್ದವರು ಒಂದು ವಿಷಯ ನೋಡಿಕೊಳ್ಳಬೇಕು. ಊರಿಗೆ ಹೋದಾಗ ಬ್ಯಾಲೆನ್ಸ್ ಮುಗಿದರೂ ಚಾರ್ಜ್ ಸಾಲವಾಗಿ ಸೇರುತ್ತಾ ಹೋಗುತ್ತದೆ. ವಾಪಸ್ ಬಂದು 20 ಪೌಂಡ್ ಹಾಕಿದರೆ ಮೊದಲು ಅದನ್ನೇ ನುಂಗುತ್ತದೆ. ಹೊರಡುವ ಮುಂಚೆ ಟಾಪ್‌ಅಪ್ ಮಾಡಿ ಹೋಗಿ. ನಿಮ್ಮ ಬಿಲ್ಲಿನಲ್ಲಿ ರೀಡಿಂಗ್ ಪಕ್ಕ ಎಸ್ಟಿಮೇಟೆಡ್ ಅಂತ ಇದ್ದರೆ ಮಾತ್ರ ಮೀಟರಿನ ಫೋಟೊ ತೆಗೆದು ಸರಿಯಾದ ರೀಡಿಂಗ್ ಕಳಿಸಿ.